ಹಳೆಯ ಕಾರಿನ ದುರಸ್ತಿ: ಬಿಡಿಭಾಗಕ್ಕಿಂತ ಮೊದಲು ಸಂಖ್ಯೆ ಹುಡುಕಬೇಕು

ಬೆಂಗಳೂರು: ಪ್ರೀಮಿಯರ್ ಪದ್ಮಿನಿಯ ತಯಾರಿಕೆ 2001ರ ಹೊತ್ತಿಗೆ ಮುಗಿಯಿತು. ಮರುವರ್ಷ ಕಾಂಟೆಸ್ಸಾದ ಸರದಿ. 2014ರ ಜನವರಿಯಲ್ಲಿ ಮಾರುತಿ 800, ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಿಡರ್ ಇತಿಹಾಸ ಸೇರಿದವು. ತಯಾರಿಕೆ ನಿಂತ ಮಾತ್ರಕ್ಕೆ ಈ ಕಾರುಗಳೆಲ್ಲ ರಸ್ತೆಯಿಂದ ಮರೆಯಾಗಲಿಲ್ಲ. ತಂದೆ ಕೊಂಡ ಕಾರನ್ನು ಮಾರಲು ಮನಸ್ಸು ಬಾರದೆ ಉಳಿಸಿಕೊಂಡವರು, ಹವ್ಯಾಸಕ್ಕೆಂದು ಕೊಂಡು ದುರಸ್ತಿಗೆ ಇಳಿದವರು ರಾಜ್ಯದ ಎಲ್ಲ ನಗರಗಳಲ್ಲಿಯೂ ಇದ್ದಾರೆ. ಅವರೆಲ್ಲರ ಸಾಮಾನ್ಯ ದೂರು ಒಂದೇ: ಬಿಡಿಭಾಗ ಸಿಗುವುದಿಲ್ಲ.

ಈ ದೂರಿನಲ್ಲಿ ಅರ್ಧ ಸತ್ಯವಿದೆ. ಎಷ್ಟೋ ವೇಳೆ ಬಿಡಿಭಾಗ ಎಲ್ಲೋ ಒಂದು ಅಂಗಡಿಯ ಅಟ್ಟದ ಮೇಲೆ ಇದ್ದೇ ಇರುತ್ತದೆ. ಆದರೆ ಅದರ ಸರಿಯಾದ ಹೆಸರು, ಅಳತೆ ಮತ್ತು ಸಂಖ್ಯೆ ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿರುವುದಿಲ್ಲ. ಹೀಗಾಗಿ ಕಾರು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ, ಇಲ್ಲವೇ ಹೊಂದದ ಭಾಗವನ್ನು ಬಲವಂತವಾಗಿ ಕೂರಿಸಿಕೊಂಡು ಅಪಾಯಕಾರಿಯಾಗಿ ಓಡುತ್ತದೆ. ಹಳೆಯ ಕಾರಿನ ದುರಸ್ತಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಕೊರತೆಯಾಗುವುದು ಮಾಹಿತಿ.

ಮೊದಲು ಕಾರಿನ ಗುರುತು

‘ಅಂಬಾಸಿಡರ್ ಕಾರಿಗೆ ಬೇಕು’ ಎಂದು ಅಂಗಡಿಯಲ್ಲಿ ಕೇಳಿದರೆ ಸಾಲದು. ಸುಮಾರು ಐದೂವರೆ ದಶಕ ಕಾಲ ಹೊರಗಿನಿಂದ ಹೆಚ್ಚು ಬದಲಾಗದಂತೆ ಕಾಣುತ್ತಿದ್ದ ಈ ಕಾರು ಒಳಗೆ ಹಲವು ಬಾರಿ ಬದಲಾಗಿದೆ. ದೀರ್ಘಕಾಲ ಅದರಲ್ಲಿದ್ದುದು ಬ್ರಿಟಿಷ್ ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್. ಮುಂದೆ ಡೀಸೆಲ್ ಮಾದರಿಗಳು ಬಂದವು, 1990ರ ದಶಕದಲ್ಲಿ ಜಪಾನಿನ ಇಸುಜು ಮೂಲದ 1800 ಸಿಸಿ ಎಂಜಿನ್ ಸೇರಿತು. ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಮಾರುತಿ 800ರ ಕಥೆಯೂ ಹೀಗೆಯೇ. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಮಾದರಿಯ ಹೊರಮೈ 1986ರಲ್ಲಿ ಪೂರ್ತಿ ಬದಲಾಯಿತು. 2000ದ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದಿತು. 796 ಸಿಸಿ ಎಂಜಿನ್ನಿನ ಕುಟುಂಬ 2019ರವರೆಗೆ ತಯಾರಾದ ಓಮ್ನಿಯಲ್ಲಿಯೂ ಮುಂದುವರಿದ ಕಾರಣ ಎಂಜಿನ್ ಭಾಗಗಳಿಗೆ ಅಷ್ಟು ಕೊರತೆಯಿಲ್ಲ. ಮೊದಲ ಮೂರು ವರ್ಷಗಳ ಕಾರುಗಳ ದೀಪ, ಬಂಪರ್, ಬಾಗಿಲಿನ ಭಾಗಗಳಿಗಾಗಿ ಮಾತ್ರ ಊರೂರು ಅಲೆಯಬೇಕು.

ಆದ್ದರಿಂದ ಹುಡುಕಾಟ ಆರಂಭವಾಗಬೇಕಾದುದು ಆರ್‌ಸಿ ಪುಸ್ತಕದಿಂದ. ಅದರಲ್ಲಿರುವ ತಯಾರಿಕೆಯ ತಿಂಗಳು–ವರ್ಷ, ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಹೋಲಿಸಿ ನೋಡಬೇಕು. ಹಿಂದಿನ ಮಾಲೀಕರು ಎಂಜಿನ್ ಬದಲಿಸಿದ್ದರೆ ಅದು ಇಲ್ಲಿಯೇ ತಿಳಿಯುತ್ತದೆ.

ಮೂರು ಬಗೆಯ ಪುಸ್ತಕಗಳು

ದುರಸ್ತಿಯ ಪುಸ್ತಕ ಎಂದು ಸಾಮಾನ್ಯವಾಗಿ ಕರೆಯುವುದರಲ್ಲಿ ಮೂರು ಬಗೆಗಳಿವೆ. ಕಾರಿನೊಡನೆ ಮಾಲೀಕರಿಗೆ ಕೊಡುತ್ತಿದ್ದುದು ಬಳಕೆದಾರರ ಕೈಪಿಡಿ. ಎಣ್ಣೆಯ ದರ್ಜೆ, ಟೈರಿನ ಗಾಳಿಯ ಒತ್ತಡ, ಫ್ಯೂಸುಗಳ ವಿವರಗಳಷ್ಟೇ ಅದರಲ್ಲಿರುತ್ತವೆ. ಎಂಜಿನ್ ಬಿಚ್ಚುವ ಕ್ರಮ, ಬೋಲ್ಟುಗಳನ್ನು ಬಿಗಿಯಬೇಕಾದ ಪ್ರಮಾಣ, ಸವೆತದ ಮಿತಿ, ವೈರಿಂಗ್ ನಕ್ಷೆ ಇವೆಲ್ಲ ಇರುವುದು ಗ್ಯಾರೇಜುಗಳಿಗೆಂದು ಮುದ್ರಿಸಿದ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ. ಮೂರನೆಯದು ಬಿಡಿಭಾಗಗಳ ಕ್ಯಾಟಲಾಗ್. ಪ್ರತಿಯೊಂದು ಭಾಗವನ್ನೂ ಬಿಡಿಸಿಟ್ಟ ಚಿತ್ರದೊಂದಿಗೆ ಅದರ ಸಂಖ್ಯೆಯನ್ನು ಅದು ಕೊಡುತ್ತದೆ.

ಬಹುತೇಕರು ಎರಡನೆಯದನ್ನು ಹುಡುಕುತ್ತಾರೆ. ಆದರೆ ಅಂಗಡಿಯ ಮುಂದೆ ನಿಂತಾಗ ನೆರವಿಗೆ ಬರುವುದು ಮೂರನೆಯದು. ಸಾಧ್ಯವಿದ್ದವರು ಎರಡನ್ನೂ ಇಟ್ಟುಕೊಳ್ಳುವುದು ಒಳಿತು. ಆನೆ ಕೊಂಡವರು ಅಂಕುಶಕ್ಕೆ ಹಿಂಜರಿಯಬಾರದು.

ಈ ಪುಸ್ತಕಗಳು ಎಂದೂ ಸಾಮಾನ್ಯ ಪುಸ್ತಕದಂಗಡಿಯ ಸರಕಾಗಿರಲಿಲ್ಲ. ಅವು ಡೀಲರುಗಳ ಗ್ಯಾರೇಜಿನಲ್ಲಿದ್ದವು. ಬೆಂಗಳೂರಿನ ಅವೆನ್ಯೂ ರಸ್ತೆ, ಕೋಲ್ಕತ್ತದ ಕಾಲೇಜ್ ಸ್ಟ್ರೀಟ್‌ಗಳ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅದೃಷ್ಟವಿದ್ದವರಿಗೆ ಸಿಗಬಹುದು. ಮುಚ್ಚಿದ ಡೀಲರುಗಳು, ನಿವೃತ್ತ ಮೆಕ್ಯಾನಿಕ್‌ಗಳ ಮನೆಗಳಲ್ಲಿ ವಿಚಾರಿಸುವುದು ಹೆಚ್ಚು ಫಲಕಾರಿ.

ಮೂಲ ಹುಡುಕಿದರೆ ದಾರಿ

ಭಾರತದಲ್ಲಿ ತಯಾರಾದ ಹಳೆಯ ಕಾರುಗಳಿಗೆ ಒಂದು ಅನುಕೂಲವಿದೆ. ಅವುಗಳಲ್ಲಿ ಹೆಚ್ಚಿನವು ವಿದೇಶಿ ಕಾರುಗಳ ದೇಶೀ ರೂಪ. ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನದು ಟ್ರಯಂಫ್ ಹೆರಾಲ್ಡ್. ಕಾಂಟೆಸ್ಸಾದ್ದು ವಾಕ್ಸ್‌ಹಾಲ್ ವಿಕ್ಟರ್. ಭಾರತೀಯ ಮ್ಯಾನ್ಯುಯಲ್ ಸಿಗದಿದ್ದಾಗ ಮೂಲ ಕಾರಿನ ಪುಸ್ತಕ ಬಹುಮಟ್ಟಿಗೆ ಕೆಲಸಕ್ಕೆ ಬರುತ್ತದೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಸೇರಿದ ‘ಬಿ ಸೀರೀಸ್’ ಕುಟುಂಬವನ್ನೇ ಎಂಜಿಎ ಎಂಬ ಕ್ರೀಡಾ ಕಾರಿನಲ್ಲಿಯೂ ಬಳಸಲಾಗಿತ್ತು. ಆ ಕಾರಿನ ಅಭಿಮಾನಿಗಳಿಂದಾಗಿ ಬ್ರಿಟನ್ನಿನಲ್ಲಿ ಈ ಕುಟುಂಬದ ಎಂಜಿನ್ನುಗಳ ಹಲವು ಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ.

ಬ್ರಿಟಿಷ್ ಕಾರುಗಳ ಮಟ್ಟಿಗೆ ಹೇನ್ಸ್ ಸಂಸ್ಥೆಯ ಕೈಪಿಡಿಗಳು ಪ್ರಸಿದ್ಧ. ಜಾನ್ ಹೇನ್ಸ್ ಅವರ ಮೊದಲ ಕೈಪಿಡಿ 1966ರಲ್ಲಿ ಆಸ್ಟಿನ್–ಹೀಲಿ ಸ್ಪ್ರೈಟ್ ಕಾರಿನ ಕುರಿತು ಪ್ರಕಟವಾಯಿತು. ಕಾರನ್ನು ನಿಜವಾಗಿಯೂ ಬಿಚ್ಚಿ, ಹಂತಹಂತವಾಗಿ ಛಾಯಾಚಿತ್ರ ತೆಗೆದು, ಸಾಮಾನ್ಯ ಓದುಗನಿಗೆ ತಿಳಿಯುವಂತೆ ವಿವರಿಸುವುದು ಅವರ ಕ್ರಮ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ, ಆಮದಾಗಿ ಬಂದ ಆಸ್ಟಿನ್, ಮಾರಿಸ್ ಮುಂತಾದ ಕಾರುಗಳ ಅನೇಕ ಮಾದರಿಗಳ ತಯಾರಿಕಾ ದಾಖಲೆಯ ಪ್ರಮಾಣಪತ್ರವನ್ನು ಶುಲ್ಕ ಪಡೆದು ನೀಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾರಿಸ್ ಪುಸ್ತಕ ಇಸುಜು ಎಂಜಿನ್ನಿನ ಅಂಬಾಸಿಡರ್‌ಗೆ ಸಲ್ಲದು. ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಮಾರುವ ಪ್ರತಿಗಳನ್ನು ಕೊಳ್ಳುವ ಮುನ್ನ, ಯಾವ ಚಾಸಿ ಸಂಖ್ಯೆಗಳಿಗೆ ಅದು ಅನ್ವಯ ಎಂಬುದನ್ನು ಮೊದಲ ಪುಟಗಳಲ್ಲಿ ನೋಡಿಕೊಳ್ಳಬೇಕು.

ಭಾಗದ ಮೇಲೆಯೇ ಬರೆದಿರುತ್ತದೆ

ಕಾರಿನ ಎಲ್ಲ ಭಾಗಗಳನ್ನೂ ಕಾರು ಕಂಪನಿಯೇ ತಯಾರಿಸುವುದಿಲ್ಲ. ಸ್ಪಾರ್ಕ್ ಪ್ಲಗ್‌ ಮತ್ತು ಡೀಸೆಲ್ ಪಂಪುಗಳನ್ನು 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ತಯಾರಿಸುತ್ತಿತ್ತು. ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳು ಮದರಾಸಿನ ಲೂಕಾಸ್–ಟಿವಿಎಸ್‌ನವು. ಪಿಸ್ಟನ್, ಬ್ರೇಕ್, ಕಾರ್ಬ್ಯುರೇಟರ್‌ಗಳಿಗೂ ಬೇರೆ ಬೇರೆ ಕಂಪನಿಗಳಿದ್ದವು. ಕಾರಿನ ಕಂಪನಿ ಮುಚ್ಚಿದರೂ ಇವುಗಳಲ್ಲಿ ಹಲವು ಸಂಸ್ಥೆಗಳು ಉಳಿದಿವೆ. ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹೀಗಾಗಿ ಹಳೆಯ ಭಾಗದ ಮೇಲಿರುವ ತಯಾರಕರ ಹೆಸರು ಮತ್ತು ಸಂಖ್ಯೆಯನ್ನು ಒರೆಸಿ ಓದಿಕೊಳ್ಳುವುದು ಹುಡುಕಾಟದ ಎರಡನೆಯ ಹೆಜ್ಜೆ.

ಬಾಲ್ ಬೇರಿಂಗ್ ಇದಕ್ಕೆ ಉತ್ತಮ ಉದಾಹರಣೆ. 6203 ಎಂಬ ಸಂಖ್ಯೆಯಿದ್ದರೆ ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40 ಮಿ.ಮೀ., ಅಗಲ 12 ಮಿ.ಮೀ. ಎಂದು ಜಗತ್ತಿನ ಯಾವ ಮೂಲೆಯಲ್ಲಿಯೂ ಅರ್ಥ. ಕಾರಿನ ಹೆಸರು ಹೇಳದೆಯೇ ಯಾವುದೇ ಬೇರಿಂಗ್ ಅಂಗಡಿಯಲ್ಲಿ ಅದನ್ನು ಕೊಳ್ಳಬಹುದು. ಆಯಿಲ್ ಸೀಲ್‌ಗಳ ಮೇಲೂ ಸಾಮಾನ್ಯವಾಗಿ ಒಳವ್ಯಾಸ, ಹೊರವ್ಯಾಸ, ಅಗಲ ಅಚ್ಚಾಗಿರುತ್ತವೆ. ಫ್ಯಾನ್ ಬೆಲ್ಟ್ ಮೇಲೆ ಅಗಲ ಮತ್ತು ಉದ್ದವಿರುತ್ತದೆ. ಅಂಬಾಸಿಡರ್‌ನ ಸಾಂಪ್ರದಾಯಿಕ ಟೈರಿನ ಅಳತೆ 5.90–15, ಪದ್ಮಿನಿಯದು 5.20–14. ಈ ಅಂಕಿಗಳು ಡೈರಿಯಲ್ಲಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಎಂಜಿನ್ ಒಳಭಾಗಕ್ಕೆ ಸಂಖ್ಯೆಯೊಂದೇ ಸಾಲದು. ಹಿಂದೆ ಬೋರ್ ಮಾಡಿಸಿದ ಎಂಜಿನ್ನಿಗೆ ಮೂಲ ಅಳತೆಯ ಪಿಸ್ಟನ್ ಸಡಿಲವಾಗುತ್ತದೆ. ಸಿಲಿಂಡರ್ ಮತ್ತು ಕ್ರ್ಯಾಂಕ್ ಎರಡನ್ನೂ ಮೈಕ್ರೋಮೀಟರ್‌ನಿಂದ ಅಳೆಸಿದ ಮೇಲೆಯೇ ಪಿಸ್ಟನ್, ಬೇರಿಂಗುಗಳನ್ನು ಕೊಳ್ಳಬೇಕು.

ಅಂಗುಲವೋ ಮಿಲಿಮೀಟರೋ?

ಬ್ರಿಟಿಷ್ ಮೂಲದ ಕಾರುಗಳ ನಟ್ಟು–ಬೋಲ್ಟುಗಳು ಅಂಗುಲದ ಲೆಕ್ಕದವು, ಇಟಲಿ ಮತ್ತು ಜಪಾನ್ ಮೂಲದವು ಮಿಲಿಮೀಟರ್ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಹೊಂದಿದಂತೆ ಕಂಡರೂ ಬಲ ಬಿದ್ದಾಗ ಜಾರಿ ನಟ್ಟಿನ ಮೂಲೆಗಳನ್ನು ತಿನ್ನುತ್ತದೆ. ಇನ್ನೂ ಕೆಟ್ಟದ್ದೆಂದರೆ, 5/16 ಅಂಗುಲದ ಮರೆಗೆ 8 ಮಿ.ಮೀ. ಬೋಲ್ಟನ್ನು ತಿರುಗಿಸುವುದು. ದಪ್ಪ ಹೆಚ್ಚುಕಡಿಮೆ ಒಂದೇ ಆದರೂ ಮರೆಗಳ ಅಂತರ ಬೇರೆ. ಬಲವಂತವಾಗಿ ಬಿಗಿದರೆ ಮರೆ ಕಿತ್ತುಹೋಗುತ್ತದೆ. ಹತ್ತು ರೂಪಾಯಿಯ ಬೋಲ್ಟಿಗಾಗಿ ಎಂಜಿನ್ ಬ್ಲಾಕ್ ಹಾಳಾಗುವುದು ಹೀಗೆ.

ಎಲ್ಲಿ ಹುಡುಕಬೇಕು?

ಬೆಂಗಳೂರಿನ ಜೆ.ಸಿ. ರಸ್ತೆ ಹೊಸ ಬಿಡಿಭಾಗಗಳಿಗೆ, ಶಿವಾಜಿನಗರದ ಗುಜರಿ ಬಳಸಿದ ಭಾಗಗಳಿಗೆ ಹೆಸರಾಗಿವೆ. ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ ಮತ್ತು ಚೋರ್ ಬಜಾರ್, ದೆಹಲಿಯ ಕಾಶ್ಮೀರಿ ಗೇಟ್ ಹಾಗೂ ಮಾಯಾಪುರಿ, ಕೋಲ್ಕತ್ತದ ಮಲ್ಲಿಕ್ ಬಜಾರ್ ಇಂತಹ ಇತರ ಕೇಂದ್ರಗಳು. ಪದ್ಮಿನಿ ತಯಾರಾದುದು ಮುಂಬಯಿಯ ಕುರ್ಲಾದಲ್ಲಿ, ಅಂಬಾಸಿಡರ್ ಕೋಲ್ಕತ್ತ ಸಮೀಪದ ಉತ್ತರಪಾರಾದಲ್ಲಿ. ಎರಡೂ ನಗರಗಳಲ್ಲಿ ಆಯಾ ಕಾರು ದಶಕಗಳ ಕಾಲ ಟ್ಯಾಕ್ಸಿಯಾಗಿ ಓಡಿದ್ದರಿಂದ ಅಲ್ಲಿನ ಅಂಗಡಿಗಳಲ್ಲಿ ಹಳೆಯ ದಾಸ್ತಾನು ಸಿಗುವ ಸಂಭವ ಹೆಚ್ಚು.

ಅಂಗಡಿಗೆ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗುವುದು ಉತ್ತಮ. ಬಳಸಿದ ಎಂಜಿನ್ ಕೊಳ್ಳುವಾಗ ಬಿಲ್ಲು ಮತ್ತು ಮೂಲ ವಾಹನದ ದಾಖಲೆಗಳನ್ನು ಕೇಳಿ ಪಡೆಯಬೇಕು. ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗದಿದ್ದರೆ ಮುಂದೆ ಆರ್‌ಟಿಒ ಕಚೇರಿಯಲ್ಲಿ ತೊಡಕು ಖಚಿತ.

ಹಳೆಯದಾದರೂ ಬಳಸದೆ ಉಳಿದ ‘ಹೊಸ’ ಭಾಗಗಳಿಗೆ ಬೇಡಿಕೆ ಬಹಳ. ಲೋಹದ ಭಾಗವಾದರೆ ಚಿಂತೆಯಿಲ್ಲ. ರಬ್ಬರ್ ಮಾತ್ರ ಪೆಟ್ಟಿಗೆಯೊಳಗೂ ಮುಪ್ಪಾಗುತ್ತದೆ. ಬ್ರೇಕ್ ಸಿಲಿಂಡರಿನ ರಬ್ಬರ್, ಹೋಸ್‌ಪೈಪು, ಟೈರುಗಳನ್ನು ಹಳೆಯ ದಾಸ್ತಾನಿನಿಂದ ಕೊಳ್ಳಬಾರದು. ಟೈರಿನ ಬದಿಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2324 ಎಂದರೆ 2024ರ 23ನೇ ವಾರ. ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕಿಂತ ಹಿಂದಿನದು.

ಕೈಪಿಡಿ ಹೇಳದ ಸಂಗತಿಗಳು

ಹಳೆಯ ಕೈಪಿಡಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದು ಬರೆಯಲ್ಪಟ್ಟುದು ಅಂದಿನ ಪೆಟ್ರೋಲಿಗೆ. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ, ಸೀಸವನ್ನು ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವ್ ಕೂರುವ ಜಾಗ ಬೇಗ ಸವೆಯುವ ಸಾಧ್ಯತೆ ಉಂಟಾಯಿತು. ಸಿಲಿಂಡರ್ ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸುವುದು ಇದಕ್ಕೆ ಪರಿಹಾರ.

2023ರಿಂದ ಹಂತಹಂತವಾಗಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ಹಳೆಯ ಬಗೆಯ ರಬ್ಬರ್ ಪೈಪು, ಕಾರ್ಬ್ಯುರೇಟರ್ ಗ್ಯಾಸ್ಕೆಟ್‌ಗಳನ್ನು ಕೆಡಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಪೈಪು ಸೀಳಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯವಿದೆ. ಎಥೆನಾಲ್ ತಾಳಿಕೊಳ್ಳುವ ಪೈಪುಗಳನ್ನು ಹಾಕಿಸುವುದು ಹಳೆಯ ಕಾರಿನ ಮಾಲೀಕರ ಮೊದಲ ಖರ್ಚಾಗಬೇಕು.

ಕಾನೂನಿನ ದೃಷ್ಟಿ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಆನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನಿಯಮದಂತೆ, 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಚಾಸಿ, ಹೊರಮೈ ಮತ್ತು ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಇಲ್ಲಿನ ಷರತ್ತು. ಸಿಕ್ಕಿದ ಎಂಜಿನ್ ಕೂರಿಸಿ ಕಾರನ್ನು ಓಡಿಸಿದವರು ಈ ಮಾನ್ಯತೆಯನ್ನು ಕಳೆದುಕೊಳ್ಳಬಹುದು.

ಬರೆದಿಡದ ವಿದ್ಯೆ

ಲೇತ್ ಕೆಲಸ ಬಲ್ಲವರಿಗೆ ಬುಷ್, ಪಿನ್, ಶಾಫ್ಟ್‌ಗಳನ್ನು ಮಾಡಿಕೊಡುವುದು ಕಷ್ಟವಲ್ಲ. ಬೆಂಗಳೂರಿನ ಪೀಣ್ಯದಂತಹ ಪ್ರದೇಶಗಳಲ್ಲಿ ಇಂತಹ ಸಣ್ಣ ಕಾರ್ಯಾಗಾರಗಳಿಗೆ ಬರವಿಲ್ಲ. ಆದರೆ ಅವರಿಗೆ ಅಳತೆ ಬೇಕು, ಲೋಹದ ಬಗೆ ತಿಳಿದಿರಬೇಕು. ಒಂದೊಂದಾಗಿ ಮಾಡಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನಾಲ್ಕಾರು ಮಾಲೀಕರು ಸೇರಿ ಒಟ್ಟಿಗೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಬ್ರೇಕ್ ಮತ್ತು ಸ್ಟಿಯರಿಂಗ್ ಭಾಗಗಳಲ್ಲಿ ಮಾತ್ರ ಇಂತಹ ಪ್ರಯೋಗ ಸಲ್ಲದು.

ನಿಜವಾದ ಆತಂಕ ಬೇರೆಯೇ ಇದೆ. ಕಂಪ್ಯೂಟರ್ ಜೋಡಿಸಿ ದೋಷ ಪತ್ತೆ ಮಾಡುವುದನ್ನು ಕಲಿತ ಇಂದಿನ ಮೆಕ್ಯಾನಿಕ್‌ಗೆ ಕಾರ್ಬ್ಯುರೇಟರ್ ಹೊಂದಿಸುವ ಅಗತ್ಯವೇ ಬಂದಿರುವುದಿಲ್ಲ. ಲೂಕಾಸ್ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ 0.36ರಿಂದ 0.41 ಮಿ.ಮೀ. ಎಂದು ಪುಸ್ತಕ ಹೇಳುತ್ತದೆ. ಅನುಭವಿ ಕೈಗಳು ಅದನ್ನು ಅಂದಾಜಿನಲ್ಲಿಯೇ ಸರಿಪಡಿಸುತ್ತವೆ. ಆ ಕೈಗಳಿಗೆ ವಯಸ್ಸಾಗಿದೆ. ಗ್ಯಾರೇಜು ಮುಚ್ಚಿದ ದಿನ ಎಣ್ಣೆ ಮೆತ್ತಿದ ಮ್ಯಾನ್ಯುಯಲ್‌ಗಳು ರದ್ದಿಗೆ ಹೋಗುತ್ತವೆ.

ಆದ್ದರಿಂದ ಹಳೆಯ ಕಾರಿನ ಪ್ರತಿಯೊಬ್ಬ ಮಾಲೀಕರೂ ಒಂದು ದಪ್ಪ ಪುಸ್ತಕವಿಟ್ಟು, ಹಾಕಿದ ಭಾಗದ ಸಂಖ್ಯೆ, ಅಳತೆ, ಕೊಂಡ ಅಂಗಡಿ ಮತ್ತು ದಿನಾಂಕವನ್ನು ಬರೆದಿಡುವುದು ಅಗತ್ಯ. ಭಾಗಗಳನ್ನು ಬಿಚ್ಚುವ ಮುನ್ನ ಪ್ರತಿ ಹಂತದ ಛಾಯಾಚಿತ್ರ ತೆಗೆಯಬೇಕು. ಕೈಯಲ್ಲಿರುವ ಮ್ಯಾನ್ಯುಯಲ್‌ನ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟರೆ ಮೂಲ ಪ್ರತಿ ಕಳೆದರೂ ನಷ್ಟವಾಗದು. ಮುಂದೆ ಆ ಕಾರನ್ನು ದುರಸ್ತಿ ಮಾಡುವವರಿಗೆ ಈ ಪುಸ್ತಕವೇ ಮೊದಲ ಕೈಪಿಡಿಯಾಗುತ್ತದೆ.