ಎಳೆಯ ಹೆಗಲಿನ ಹೊರೆ

ಅಮೆರಿಕದ ಉತ್ತರ ಕೆರೊಲಿನಾದ ಡೇವಿಡ್‌ಸನ್ ಕಾಲೇಜಿನಲ್ಲಿ ಎರಡು ಸಾವಿರ ವಿದ್ಯಾರ್ಥಿಗಳೂ ಇರಲಿಲ್ಲ. ಮೈಕಟ್ಟು ಸಾಲದೆಂದು ದೊಡ್ಡ ವಿಶ್ವವಿದ್ಯಾನಿಲಯಗಳು ಕಡೆಗಣಿಸಿದ ಸ್ಟೀಫನ್ ಕರ್ರಿ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ನೆಲೆ ದೊರೆತದ್ದು ಇಲ್ಲಿಯೇ.

2008ರ ಮಾರ್ಚಿನಲ್ಲಿ ರಾಷ್ಟ್ರೀಯ ಕಾಲೇಜು ಪಂದ್ಯಾವಳಿ ನಡೆಯಿತು. ಆಗತಾನೆ ಇಪ್ಪತ್ತು ತುಂಬಿದ್ದ ಈ ತರುಣ ಮೊದಲ ಪಂದ್ಯದಲ್ಲಿಯೇ ಗೊನ್ಜಾಗಾ ತಂಡದ ವಿರುದ್ಧ 40 ಅಂಕಗಳನ್ನು ಗಳಿಸಿದನು. ಜಾರ್ಜ್‌ಟೌನ್, ವಿಸ್ಕಾನ್ಸಿನ್ ತಂಡಗಳೂ ಮಣಿದವು. ವಿದ್ಯಾರ್ಥಿಗಳು ಡೆಟ್ರಾಯಿಟ್‌ಗೆ ಹೋಗಿ ಆಟ ನೋಡಲೆಂದು ಕಾಲೇಜಿನ ಧರ್ಮದರ್ಶಿಗಳೇ ಬಸ್ಸಿನ ವೆಚ್ಚವನ್ನು ವಹಿಸಿದರು. ಅಲ್ಲಿ ಕ್ಯಾನ್ಸಸ್ ಎದುರು ಎರಡೇ ಅಂಕಗಳ ಹಿನ್ನಡೆ, ಕಡೆಯ ಕ್ಷಣ, ಚೆಂಡು ಕರ್ರಿಯ ಕೈಯಲ್ಲಿ. ಎದುರಾಳಿಗಳು ಅಡ್ಡಗಟ್ಟಲು ಆತ ಅದನ್ನು ಸಂಗಡಿಗ ಜೇಸನ್ ರಿಚರ್ಡ್ಸ್‌ಗೆ ದಾಟಿಸಿದನು. ಎಸೆತ ಗುರಿ ತಪ್ಪಿತು. ಫಲ: 59–57.

ಮರುವರ್ಷ ಅಭಿಮಾನಿಗಳ ಆಸೆ ಆಕಾಶಕ್ಕೇರಿತು. ಆದರೆ 2008ರ ನವೆಂಬರಿನಲ್ಲಿ ಲಯೋಲಾ ತಂಡದ ಇಬ್ಬರು ಆಟಗಾರರು ಅವನಿಗೆ ನೆರಳಿನಂತೆ ಅಂಟಿಕೊಂಡರು. ಕರ್ರಿ ಮುನಿಯಲಿಲ್ಲ, ಇಬ್ಬರನ್ನೂ ಸೆಳೆದುಕೊಂಡು ಮೂಲೆಗೆ ಸರಿದು ನಿಂತನು. ಉಳಿದ ನಾಲ್ವರು ಮೂವರೊಡನೆ ಆಡಿ 30 ಅಂಕಗಳ ಅಂತರದಿಂದ ಗೆದ್ದರು. ಅವನ ಗಳಿಕೆ ಮಾತ್ರ ಸೊನ್ನೆ!

ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 28.6 ಅಂಕ ಗಳಿಸಿ ಕರ್ರಿ ದೇಶಕ್ಕೇ ಮೊದಲಿಗನಾದರೂ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಕರೆ ಬರಲಿಲ್ಲ. ಜನರು ಅವನಿಂದ ಬಯಸಿದ್ದು ಪವಾಡವನ್ನು. ಅವನು ಕಲಿತದ್ದು ಸಂಗಡಿಗರನ್ನು ನಂಬುವುದನ್ನು. ಮುಂದೆ ಜಗತ್ತು ಮೆಚ್ಚಿದ ಆಟಗಾರನಿಗೆ ಅದೇ ಬುನಾದಿಯಾಯಿತೆನ್ನಬಹುದು.