ಮದುವೆ ಆಲ್ಬಮ್ ಇದೆ, ಸರ್ಟಿಫಿಕೇಟ್ ಇದೆಯೇ?

ನಮ್ಮ ಮಹಡಿ ಮನೆಯ ಆಂಟಿ ಹೋದ ವರ್ಷ ಗಂಡನನ್ನು ಕಳೆದುಕೊಂಡರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಶುರುವಾಯಿತು ನೋಡಿ, ಕಚೇರಿಗಳ ಅಲೆದಾಟ. ಅಂಕಲ್ ಯಾವ ಕಾಗದದಲ್ಲೂ ಹೆಂಡತಿಯ ಹೆಸರು ಬರೆಸಿರಲಿಲ್ಲ. ಒಂದು ಕಡೆ "ಮ್ಯಾರೇಜ್ ಸರ್ಟಿಫಿಕೇಟ್ ತನ್ನಿ" ಅಂದರಂತೆ. "ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೀನಲ್ಲಮ್ಮ, ಅದು ಸಾಲಲ್ವಾ ಇವರಿಗೆ?" ಎಂದು ಆಂಟಿ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಮದುವೆ ಮಾಡಿಸಿದ ಪುರೋಹಿತರು ಈಗಿಲ್ಲ. ಇದ್ದೊಂದು ಫೋಟೊ ಗೆದ್ದಲು ತಿಂದಿತ್ತು. ವಕೀಲರು, ಅಫಿಡವಿಟ್ಟು ಅಂತ ಎಂಟು ತಿಂಗಳು ಓಡಾಡಿದರು.

ಆ ರಾತ್ರಿ ನಾನೂ ಬೀರು ತೆಗೆದು ಹುಡುಕಿದೆ. ನಮ್ಮದೂ ಇರಲಿಲ್ಲ! "ಇಷ್ಟು ದಪ್ಪ ಆಲ್ಬಮ್ ಇದೆಯಲ್ಲೇ" ಎಂದು ನಮ್ಮವರು ನಕ್ಕರು.

ನಮ್ಮ ಅಜ್ಜಿಯಂದಿರ ಕಾಲಕ್ಕೆ ಊರೇ ಸಾಕ್ಷಿ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ವಧು ಅಥವಾ ವರನ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದರೆ ಸಾಕು, ಸಪ್ತಪದಿ ಇರುವವರಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ ಎನ್ನುತ್ತದೆ. ನೋಂದಣಿ ಆಗಿಲ್ಲವೆಂದು ಮದುವೆ ಅಸಿಂಧು ಆಗುವುದಿಲ್ಲ. ಅದಕ್ಕೇ ನಮಗೆಲ್ಲ ಉದಾಸೀನ. ನಮ್ಮ ರಾಜ್ಯದಲ್ಲಿ ನೋಂದಣಿಗೆಂದೇ 1976ರ ಕಾಯ್ದೆ ಇತ್ತು, ಯಾರು ಕೇಳಿದರು? ಕೊನೆಗೆ 2006ರ ಫೆಬ್ರುವರಿ 14ರಂದು (ಪ್ರೇಮಿಗಳ ದಿನವೇ!) ಸುಪ್ರೀಂ ಕೋರ್ಟ್, ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯವಾಗಬೇಕು, ರಾಜ್ಯಗಳು ಅದಕ್ಕೆ ನಿಯಮ ಮಾಡಬೇಕು ಎಂದಿತು. ಬಾಲ್ಯವಿವಾಹ, ಕದ್ದು ಎರಡನೇ ಮದುವೆಯಾಗುವುದು ತಪ್ಪಲಿ, ಜೀವನಾಂಶಕ್ಕೆ, ಗಂಡ ತೀರಿಹೋದರೆ ಆಸ್ತಿಯ ಪಾಲಿಗೆ ಹೆಣ್ಣಿನ ಕೈಯಲ್ಲೊಂದು ಪುರಾವೆ ಇರಲಿ ಎಂಬುದು ಉದ್ದೇಶ.

ಹಾಗಂತ ಕಾಗದವೇ ಮದುವೆ ಅಂದುಕೊಂಡೀರಿ, ಜೋಕೆ. ಪೈಲಟ್‌ಗಳಾಗಿದ್ದ ಒಂದು ಜೋಡಿ ನಿಶ್ಚಿತಾರ್ಥದ ನಂತರ, ಶಾಸ್ತ್ರ ಆಮೇಲೆ ಮಾಡಿಕೊಂಡರಾಯಿತು ಎಂದು, ಯಾವುದೋ ಸಮಿತಿಯಿಂದ ಪತ್ರ ಪಡೆದು 2021ರಲ್ಲಿ ಉತ್ತರ ಪ್ರದೇಶದಲ್ಲಿ ನೋಂದಣಿ ಮಾಡಿಸಿಬಿಟ್ಟಿತು. ಮುಂದೆ ಮನಸ್ತಾಪವಾಗಿ ಕೋರ್ಟಿಗೆ ಹೋದರೆ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಶಾಸ್ತ್ರವೇ ನಡೆದಿಲ್ಲ, ಹಾಗಾಗಿ ಇವರು ಗಂಡ ಹೆಂಡತಿಯೇ ಅಲ್ಲ! ಈ ಪೀಠದಲ್ಲಿದ್ದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. "ವೀಸಾಕ್ಕೆ ಬೇಕು, ಮೊದಲು ರಿಜಿಸ್ಟರ್ ಮಾಡಿಸೋಣ, ಮುಹೂರ್ತ ಆಮೇಲೆ" ಎನ್ನುವ ಫಾರಿನ್ ಗಂಡಿನ ಕಡೆಯವರು ನಿಮ್ಮ ಮನೆಗೂ ಬಂದಾರು. ಹೆಣ್ಣು ಹೆತ್ತವರು ನೆನಪಿಡಿ. ಶಾಸ್ತ್ರ ಬೇಡವೆನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಮೂವತ್ತು ದಿನ ಮುಂಚೆ ನೋಟಿಸ್ ಕೊಟ್ಟು, ಮೂವರು ಸಾಕ್ಷಿಗಳ ಎದುರು ಅಧಿಕಾರಿಯ ಮುಂದೆ ಮದುವೆಯಾಗಬಹುದು.

ನಮ್ಮದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಲಗ್ನಪತ್ರಿಕೆ, ಮದುವೆ ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು, ಇಷ್ಟು ಕೇಳಿದರು. ಮದುವೆಯಾಗಿ ವರ್ಷಗಳಾಗಿದ್ದರೂ ಮಾಡಿಸಬಹುದು. ಆಲ್ಬಮ್ಮಿನಲ್ಲಿ ಊಟದ ಪಂಕ್ತಿಯ ಫೋಟೊಗಳೇ ಹದಿನಾರು, ಸಪ್ತಪದಿಯದು ಒಂದೇ, ಅದರಲ್ಲೂ ವಿಡಿಯೋದವನ ಬೆನ್ನು ಅರ್ಧ! ಲಗ್ನಪತ್ರಿಕೆ ಸಿಕ್ಕಿದ್ದು ಅಮ್ಮನ ದೇವರ ಮನೆಯಲ್ಲಿ, ನಾಲ್ಕು ಮೂಲೆಯ ಅರಿಶಿನ ಇನ್ನೂ ಹಾಗೇ ಇತ್ತು. ಸರ್ಟಿಫಿಕೇಟ್ ಬಂದ ದಿನವೇ ಐದು ಜೆರಾಕ್ಸ್ ಮಾಡಿಸಿ, ಒಂದನ್ನು ಅಮ್ಮನ ಹತ್ತಿರವೇ ಕೊಟ್ಟಿದ್ದೇನೆ.