ಮೇಷ್ಟ್ರ ಕಥೆಯೂ ಎರಡು ಪುಟದ ಕರಾರೂ

ಸ್ನೇಹಿತರ ಕೈಸಾಲದಿಂದ ಚಿತ್ರವೊಂದನ್ನು ತೆಗೆಯಹೊರಟ ನಿರ್ಮಾಪಕನು ಕ್ಯಾಮರಾದ ದಿನಬಾಡಿಗೆಯನ್ನೂ ತಂಡದ ಊಟೋಪಚಾರದ ವೆಚ್ಚವನ್ನೂ ಪೈಸೆ ಬಿಡದೆ ಬರೆದಿಡುವನಾದರೂ, ಯಾವ ಕಥೆಯ ಮೇಲೆ ಆ ಸಮಸ್ತ ವೆಚ್ಚವೂ ನಿಂತಿದೆಯೋ ಆ ಕಥೆಯ ಹಕ್ಕನ್ನು ಮಾತ್ರ ಬಾಯಿಮಾತಿಗೆ ಬಿಟ್ಟುಬಿಡುವುದು ನಮ್ಮಲ್ಲಿ ಅಪರೂಪವಲ್ಲ. ವಕೀಲರ ಶುಲ್ಕದ ಭಯ ಇದಕ್ಕೊಂದು ಕಾರಣ. ನಮ್ಮವರೊಡನೆ ಕಾಗದಪತ್ರವೇಕೆಂಬ ದಾಕ್ಷಿಣ್ಯ ಮತ್ತೊಂದು.

ಪರಿಚಿತ ತರುಣ ನಿರ್ಮಾಪಕರೊಬ್ಬರು ಒಮ್ಮೆ ನನಗೆ ತೋರಿಸಿದ ‘ಅಗ್ರಿಮೆಂಟು’ ನೋಟುಪುಸ್ತಕದಿಂದ ಹರಿದ ಒಂದು ಹಾಳೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಥೆಯನ್ನು ಸಿನಿಮಾಕ್ಕೆ ಕೊಟ್ಟಿರುವುದಾಗಿಯೂ ಹತ್ತು ಸಾವಿರ ರೂಪಾಯಿ ಮುಟ್ಟಿರುವುದಾಗಿಯೂ ದುಂಡಗಿನ ಅಕ್ಷರದಲ್ಲಿ ಬರೆದು, ರೆವಿನ್ಯೂ ಸ್ಟಾಂಪಿನ ಮೇಲೆ ರುಜು ಮಾಡಿದ್ದರು. ಇಬ್ಬರೂ ಪ್ರಾಮಾಣಿಕರು, ಆದರೂ ಆ ಹಾಳೆ ಸಾಲದು. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆಯು ಲಿಖಿತವಾಗಿದ್ದು ರುಜುವಾಗಿರಬೇಕಲ್ಲದೆ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದನ್ನೂ ಹೇಳಬೇಕು. ಹೇಳದೆ ಬಿಟ್ಟ ತೆರವನ್ನು ಕಾನೂನೇ ತುಂಬುತ್ತದೆ: ಅವಧಿ ನಮೂದಾಗದಿದ್ದರೆ 5 ವರ್ಷ; ಪ್ರದೇಶ ನಮೂದಾಗದಿದ್ದರೆ ಭಾರತ ಮಾತ್ರ; ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದ ಪಕ್ಷದಲ್ಲಿ, ಆ ಹಕ್ಕೇ ಲುಪ್ತ. ಹಣ ಸಾಲದೆ ಎರಡು ವರ್ಷ ಚಿತ್ರೀಕರಣ ನಿಂತುಹೋದ ಬಡ ಚಿತ್ರಕ್ಕೆ ಈ ಕಡೆಯ ನಿಯಮ ಎಷ್ಟು ಕಠೋರ! ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸಿದ ಮಾತ್ರಕ್ಕೆ ಕಥೆ ನಮ್ಮದಾಗದೆಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗೆಂದು ಪ್ರತಿಯೊಂದು ಕಾಗದಕ್ಕೂ ವಕೀಲರಲ್ಲಿಗೆ ಓಡಬೇಕಾಗಿಲ್ಲ. ಕಥೆ, ಸಂಗೀತ, ಹಣ ಹೂಡಿದವರ ಪಾಲು, ಇಷ್ಟಕ್ಕೆ ಕೃತಿಸ್ವಾಮ್ಯ ಬಲ್ಲ ವಕೀಲರು ಅವಶ್ಯ. ನಟರಿಗೂ ತಂತ್ರಜ್ಞರಿಗೂ ಮನೆ, ತೋಟ ಕೊಟ್ಟವರಿಗೂ ಆ ವಕೀಲರಿಂದಲೇ ಒಂದೊಂದು ನಮೂನೆ ಬರೆಸಿಕೊಂಡು ಹೆಸರು, ಸಂಭಾವನೆ, ದಿನಾಂಕಗಳನ್ನು ತುಂಬಿಕೊಂಡರಾಯಿತು. ಹಣ ಯಾವ ಕಂತಿನಲ್ಲಿ, ಚಿತ್ರ ನಿಂತರೆ ಗತಿಯೇನು, ತೆರೆಯ ಮೇಲೆ ಹೆಸರು ಹೇಗೆ ಎಂಬುದನ್ನೆಲ್ಲ ಮೊದಲೇ ಮಾತಾಡಿ, ಕನ್ನಡದಲ್ಲಿಯೇ ಬರೆದೊಯ್ದರೆ, ವಕೀಲರಿಗೆ ತಿದ್ದುವ ಕೆಲಸವಷ್ಟೇ ಉಳಿಯುವುದರಿಂದ ಶುಲ್ಕವೂ ಇಳಿಯುತ್ತದೆ. ಪುಕ್ಕಟೆಯಾಗಿ ಸಿಕ್ಕಿತೆಂದು ಅಮೆರಿಕದ ನಮೂನೆಗೆ ರುಜು ಹಾಕಿಸುವುದು ಉಳಿತಾಯವಲ್ಲ: ಚಿತ್ರಮಂದಿರದ ಪ್ರದರ್ಶನದಾಚೆ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಗೀತರಚನಕಾರನಿಗೂ ಸಂಗೀತ ಸಂಯೋಜಕನಿಗೂ ಇರುವ ಸಮಪಾಲನ್ನು ನಿರ್ಮಾಪಕನಿಗೆ ಬಿಟ್ಟುಕೊಡುವ ಕರಾರು 2012ರ ತಿದ್ದುಪಡಿಯ ತರುವಾಯ ನಮ್ಮಲ್ಲಿ ಊರ್ಜಿತವಾಗದು. ಕಥೆ ಕೊಡುವವರು ಹೆಣ್ಣುಮಕ್ಕಳಾದರೆ, ಅಥವಾ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರಾದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ, ಆದಾಯ ಎಷ್ಟೇ ಇರಲಿ, ಉಚಿತ ಸಲಹೆಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಬಹುದು.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾದುದು. 2016ರಲ್ಲಿ ತೆರೆಕಂಡ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದರು, ಅಂಥವರ ಮುಂದೆ ಇಂಗ್ಲಿಷ್ ಕರಾರನ್ನು ಚಾಚಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಕನ್ನಡದ ಕರಾರಿಗೆ ಕಾನೂನಿನ ಬಲವೇನೂ ಕಡಮೆಯಿಲ್ಲ.

ಮೇಷ್ಟ್ರ ಹಾಳೆ ಕಡೆಗೆ ಛಾಪಾ ಕಾಗದದ ಮೇಲೆ ಎರಡು ಪುಟವಾಯಿತು. ಅವರ ಮನೆಯ ಜಗಲಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ, ಅವರು ಕನ್ನಡಕ ತೆಗೆದು, “ಮೂರು ವರ್ಷದೊಳಗೆ ಸಿನಿಮಾ ಆಗದಿದ್ದರೆ ನನ್ನ ಕಥೆ ನನಗೆ ವಾಪಸು ಬರಬೇಕಪ್ಪ” ಎಂದರು. “ಆಗಲಿ ಮೇಷ್ಟ್ರೇ” ಎಂದ ನಿರ್ಮಾಪಕರು ಆ ಮಾತನ್ನು ಅಂಚಿನಲ್ಲಿ ಬರೆದರು. ಅದರ ಪಕ್ಕದಲ್ಲಿ ಇಬ್ಬರೂ ಚಿಕ್ಕ ರುಜು ಹಾಕಿದರು.